ಸಾಮಾಜಿಕ ಉಪಭಾಷೆ

ಒಂದೇ ಊರಿನಲ್ಲಿ ಒಂದೇ ಭಾಷೆಯನ್ನಾಡುವವರ ನಡುವೆ ಜಾತಿ, ವರ್ಗ, ಓದು, ವಯಸ್ಸು, ಲಿಂಗಗಳಿಗೆ ತಕ್ಕಂತೆ ಕಾಣುವ ನುಡಿಭೇದ. ಸೀಮೆಯಿಂದ ಸೀಮೆಗೆ ಬದಲಾಗುವ ಪ್ರಾದೇಶಿಕ ಉಪಭಾಷೆಗಿಂತ ಇದು ಬೇರೆ. ಇದನ್ನು ಅಭ್ಯಾಸ ಮಾಡುವ ಶಾಸ್ತ್ರಕ್ಕೆ ಸಾಮಾಜಿಕ ಭಾಷಾವಿಜ್ಞಾನವೆಂದು ಹೆಸರು.

ಈ ಶಾಸ್ತ್ರ ಇನ್ನೂ ರೂಪುಗೊಳ್ಳುತ್ತಿದ್ದಾಗಲೇ ವಿದ್ವಾಂಸರ ಕಣ್ಣು ಕನ್ನಡದ ಮೇಲೆ ಬಿದ್ದಿತ್ತು. 1960ರಲ್ಲಿ ವಿಲಿಯಂ ಮೆಕಾರ್ಮಕ್ ಧಾರವಾಡದ ಜಾತಿವಾರು ನುಡಿಭೇದಗಳ ಬಗ್ಗೆ ಬರೆದರು. ಅದೇ ವರ್ಷ ವಿಲಿಯಂ ಬ್ರೈಟ್ ಬೆಂಗಳೂರು ಕಡೆಯ ಬ್ರಾಹ್ಮಣರ ಮತ್ತು ಒಕ್ಕಲಿಗರ ಮಾತನ್ನು ಹೋಲಿಸಿದರು. ಒಬ್ಬರ ಬಾಯಲ್ಲಿ ‘ಇದೆ’, ‘ಕೂತು’, ‘ಮಾಡೋಕೆ’. ಇನ್ನೊಬ್ಬರ ಬಾಯಲ್ಲಿ ‘ಐತೆ’, ‘ಕುಂತು’, ‘ಮಾಡಾಕೆ’. ಒಬ್ಬರ ‘ಹಾಲು’ ಇನ್ನೊಬ್ಬರಿಗೆ ‘ಆಲು’.

‘ಆಲು’ ಎಂದವರನ್ನು ಹಕಾರ ಬಾರದವರೆಂದು ನಗುವುದುಂಟು. ಆದರೆ ‘ಹಾಲು’ ಕೂಡ ಮೊದಲಿನಿಂದ ಹಾಗೇ ಇದ್ದ ಪದವಲ್ಲ. ಹಳಗನ್ನಡದಲ್ಲಿ ಅದು ‘ಪಾಲ್’. ತಮಿಳಿನಲ್ಲಿ ಇಂದಿಗೂ ಹಾಗೇ ಇದೆ. ಪಕಾರ ಸಡಿಲಗೊಂಡು ಹಕಾರವಾಯಿತು, ಆ ಹಕಾರವೂ ಕೆಲವರ ಬಾಯಲ್ಲಿ ಬಿದ್ದುಹೋಯಿತು. ‘ಪೆಸರ್’, ‘ಹೆಸರು’, ‘ಎಸ್ರು’ ಎಂಬ ಸಾಲಿನಲ್ಲೂ ಅದೇ ನಡೆ ಕಾಣುತ್ತದೆ. ಆದ್ದರಿಂದ ಇದನ್ನು ಉಚ್ಚಾರದೋಷ ಎನ್ನುವುದಕ್ಕಿಂತ ಧ್ವನಿಬದಲಾವಣೆಯ ಮುಂದಿನ ಹೆಜ್ಜೆ ಎನ್ನುವುದೇ ಸರಿ.

ಬ್ರೈಟ್ ಮತ್ತು ಎ. ಕೆ. ರಾಮಾನುಜನ್ 1964ರಲ್ಲಿ ಪ್ರಕಟಿಸಿದ ಪ್ರಬಂಧ ಇದಕ್ಕೆ ಕಾರಣ ಹುಡುಕಿತು. ಬ್ರಾಹ್ಮಣರ ನುಡಿ ಬದಲಾಗುತ್ತಿದ್ದದ್ದು ಹೆಚ್ಚಾಗಿ ಅರಿವಿನ ಮಟ್ಟದಲ್ಲಿ: ಸಂಸ್ಕೃತ, ಇಂಗ್ಲಿಷ್ ಪದಗಳನ್ನು ಅವುಗಳ ಧ್ವನಿಸಮೇತ ತಂದುಕೊಳ್ಳುವುದರಲ್ಲಿ. ಉಳಿದವರಲ್ಲಿ ಒಳಗಿನ ಧ್ವನಿ, ಪ್ರತ್ಯಯಗಳೇ ತಮಗರಿವಿಲ್ಲದೆ ಮಾರ್ಪಡುತ್ತಿದ್ದವು. ಬರಹದ ನಂಟು ಎರಡನೆಯ ಬಗೆಯ ಬದಲಾವಣೆಯನ್ನು ತಡೆಹಿಡಿಯುತ್ತದೆ ಎಂದು ಅವರು ಊಹಿಸಿದರು. ಅದಕ್ಕೆ ಒರೆಗಲ್ಲಾದದ್ದು ತುಳು. ಕನ್ನಡ, ತಮಿಳಿನಷ್ಟು ಗಟ್ಟಿಯಾದ ಬರಹದ ಪರಂಪರೆ ಇಲ್ಲದ ಆ ನುಡಿಯಲ್ಲಿ ಬ್ರಾಹ್ಮಣರ ಮಾತೂ ಇತರರ ಮಾತಿನಷ್ಟೇ ಮಾರ್ಪಟ್ಟಿತ್ತು.

ನ್ಯೂಯಾರ್ಕಿನಲ್ಲಿ ಇಂಥ ಭೇದಗಳನ್ನು ಎಣಿಸಿ ತೋರಿಸಿದವರು ವಿಲಿಯಂ ಲೆಬಾವ್. 1962ರಲ್ಲಿ ಅವರು ದುಬಾರಿ, ಮಧ್ಯಮ, ಅಗ್ಗ ಎಂಬ ಮೂರು ದರ್ಜೆಯ ದೊಡ್ಡ ಅಂಗಡಿಗಳಿಗೆ ಹೋಗಿ, ‘ಫೋರ್ತ್ ಫ್ಲೋರ್’ ಎಂದೇ ಉತ್ತರ ಬರುವಂಥ ಪ್ರಶ್ನೆಯನ್ನು 264 ಕೆಲಸಗಾರರಿಗೆ ಕೇಳಿದರು. ಕೇಳಿಸಲಿಲ್ಲವೆಂಬಂತೆ ನಟಿಸಿ, ಇನ್ನೊಮ್ಮೆ ಹೇಳಿಸಿಕೊಂಡರು. ಅಂಗಡಿ ದುಬಾರಿಯಾದಷ್ಟೂ ರಕಾರ ಹೆಚ್ಚು ಕೇಳಿಸಿತು. ಕೆಳಮಧ್ಯಮ ವರ್ಗದವರು ಎಚ್ಚರದಿಂದ ಮಾತಾಡುವಾಗ ತಮಗಿಂತ ಮೇಲಿನವರನ್ನೂ ಮೀರಿ ರಕಾರ ನುಡಿಯುತ್ತಾರೆಂಬುದು ಲೆಬಾವ್ ಅವರ 1966ರ ಗ್ರಂಥದಿಂದ ತಿಳಿಯಿತು.

ಇಂಥ ಅತಿತಿದ್ದುವಿಕೆ ಕನ್ನಡಕ್ಕೂ ಹೊಸದಲ್ಲ. ವೇದಿಕೆಯ ಮೇಲೆ ‘ಅಭಿಮಾನಿ’ಯನ್ನು ‘ಹಭಿಮಾನಿ’ ಎನ್ನುವವರಿಗೆ ಹಕಾರದ ಬೆಲೆ ಚೆನ್ನಾಗಿ ಗೊತ್ತು. ಮನೆಮಾತಿನಲ್ಲಿ ಆ ಧ್ವನಿಯೇ ಇಲ್ಲದಿರುವಾಗ ಅದು ಎಲ್ಲಿ ಬರಬೇಕೆಂಬುದನ್ನು ಅವರು ಪ್ರತಿ ಪದಕ್ಕೂ ಬೇರೆಯಾಗಿಯೇ ಕಲಿಯಬೇಕಾಗುತ್ತದೆ.