ಜೋಗದ ಫೋಟೋದಲ್ಲಿ ನೀರಿನ ಲೆಕ್ಕ

ಜೋಗದ ಫೋಟೋ ನಮ್ಮಲ್ಲಿ ಯಾರ ಮೊಬೈಲಿನಲ್ಲಿ ಇಲ್ಲ ಹೇಳಿ? ಮುಸಫಾ ಇರಲಿ, ಸೋನಾಪುರ ಇರಲಿ, ಕನ್ನಡದವರ ರೂಮಿನಲ್ಲಿ ಅಂಥದ್ದೊಂದು ಫೋಟೋ ಹೊರಗೆ ಬಂದರೆ ಸಾಕು, ಎಲ್ಲರಿಗೂ ಅಪ್ಪ ಅಮ್ಮನ ಜೊತೆ ಹೋಗಿದ್ದು ನೆನಪಾಗುತ್ತೆ. ಆಮೇಲೆ ವಾದ ಶುರು. ಒಬ್ಬ ನೀರೇ ಇರಲಿಲ್ಲ, ಬರೀ ಬಂಡೆ ಅಂತಾನೆ. ಇನ್ನೊಬ್ಬ ಮಂಜು ಬಿಟ್ಟು ಏನೂ ಕಾಣಲಿಲ್ಲ ಅಂತಾನೆ. ಇಬ್ಬರು ಹೇಳೋದೂ ನಿಜವೇ. ಹೋದ ತಿಂಗಳು ಬೇರೆ, ಅಷ್ಟೇ. ಆದರೆ ಬೇಸಿಗೆಯಲ್ಲಿ ಅಷ್ಟೊಂದು ಬಂಡೆ ಕಾಣೋದಕ್ಕೆ ಒಂದು ಚರಿತ್ರೆ ಇದೆ.

ಶರಾವತಿ ಅಲ್ಲಿ 830 ಅಡಿ ಕೆಳಗೆ ಬೀಳುತ್ತೆ. ನಮ್ಮ ಶಿವಮೊಗ್ಗ ಕಡೆಯಿಂದ ನಿಂತು ತೆಗೆದ ಫೋಟೋದಲ್ಲಿ ಎಡಗಡೆ ರಾಜ, ಆಮೇಲೆ ರೋರರ್, ರಾಕೆಟ್, ಬಲಗಡೆ ರಾಣಿ. ಆಚೆ ದಡ ಉತ್ತರ ಕನ್ನಡ. 1956ರವರೆಗೆ ಅದು ಮುಂಬೈ ರಾಜ್ಯದ್ದು. ಅಂದರೆ ಹಳೇ ಫೋಟೋದಲ್ಲಿ ಒಂದೇ ಜಲಪಾತಕ್ಕೆ ಎರಡು ರಾಜ್ಯ.

1948ರಲ್ಲಿ ಇಲ್ಲಿ ಕರೆಂಟ್ ಶುರುವಾಯಿತು. ಈಗ ಅದಕ್ಕೆ ಮಹಾತ್ಮ ಗಾಂಧಿ ವಿದ್ಯುತ್ ಕೇಂದ್ರ ಅಂತ ಹೆಸರು, 139.2 ಮೆಗಾವಾಟ್. ಅದಕ್ಕಾಗಿ ಮೇಲೆ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. ಅದು ಸಾಲಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಬಂತು, ಹಿರೇಭಾಸ್ಕರವೂ ಅದರ ನೀರಲ್ಲೇ ಮುಳುಗಿತು. ಲಿಂಗನಮಕ್ಕಿಯ ನೀರು ಜಲಪಾತದ ಕಡೆ ಹೋಗದೆ ಕಾಲುವೆಯಲ್ಲಿ ತಳಕಳಲೆಗೆ ಹೋಗಿ, ದೊಡ್ಡ ಪೈಪುಗಳಲ್ಲಿ ಇಳಿದು ಹತ್ತು ಯಂತ್ರ ತಿರುಗಿಸುತ್ತೆ. ಒಟ್ಟು 1035 ಮೆಗಾವಾಟ್. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಬೈಪಾಸ್ ಲೈನ್. ಫೋಟೋದಲ್ಲಿ ಕಾಣದ ನೀರು ಯಾರದೋ ಮನೆಯಲ್ಲಿ ಬಲ್ಬಾಗಿ ಉರೀತಾ ಇತ್ತು.

ಐಟಿಐನಲ್ಲಿ ಜನರೇಟರ್ ಪಾಠ ಓದುವಾಗ ಇದೆಲ್ಲ ಬರೀ ನಂಬರ್. ನಮ್ಮಜ್ಜಿಗೆ ಹಾಗಲ್ಲ. ಅವರ ಊರು ಸಾಗರ ತಾಲ್ಲೂಕಿನದು, ಲಿಂಗನಮಕ್ಕಿ ಹಿನ್ನೀರಿನಲ್ಲಿ ಹೋಯಿತು. ಲಾರಿಯಲ್ಲಿ ಪಾತ್ರೆ, ಬಾಗಿಲು, ದನ ಎಲ್ಲ ಹೇರಿಕೊಂಡು ಶಿವಮೊಗ್ಗ ಕಡೆ ಕಾಡಿಗೆ ಬಂದರಂತೆ. ಮುಳುಗಿದ ಊರಲ್ಲಿ ಕರೆಂಟ್ ಇರಲಿಲ್ಲ, ಹೊಸ ಜಾಗಕ್ಕೆ ಬರೋದಕ್ಕೂ ಇಪ್ಪತ್ತು ವರ್ಷ ಹಿಡೀತು ಅಂತಿದ್ದರು. ಹೀಗೆ ಎದ್ದು ಬಂದ ಎಷ್ಟೋ ಮನೆಯವರು ಜಮೀನಿನ ಹಕ್ಕುಪತ್ರಕ್ಕೆ ಇವತ್ತಿಗೂ ಓಡಾಡ್ತಾನೇ ಇದ್ದಾರೆ.

1999ರ ಮೇ ತಿಂಗಳಲ್ಲಿ ಚಿತ್ರಾನ್ನ ಕಟ್ಟಿಕೊಂಡು ಸರ್ಕಾರಿ ಬಸ್ಸಿನಲ್ಲಿ ಜೋಗಕ್ಕೆ ಹೋಗಿದ್ವಿ. ಮಾವ ಕ್ಯಾಮೆರಾ ತಂದಿದ್ದರು. ಜೋಗದ ಮುಂದೆ ತೆಗೆದ ಫೋಟೋದಲ್ಲಿ ಎಲ್ಲರೂ ಇದ್ದಾರೆ, ಹಿಂದೆ ದಾರದ ಹಾಗೆ ನೀರು. ಅಜ್ಜಿ ಮಾತ್ರ ಇಲ್ಲ, ನಿಲ್ಲೋಕೆ ಒಪ್ಪಲಿಲ್ಲ. ಮಾರನೇ ದಿನ ಸಿಗಂದೂರಿಗೆ ಲಾಂಚಿನಲ್ಲಿ ಹಿನ್ನೀರು ದಾಟುವಾಗ ತಾವೇ ಕರೆದು ಫೋಟೋ ತೆಗೆಸಿಕೊಂಡರು. ಆ ಫೋಟೋ ಈಗ ನನ್ನ ಹತ್ತಿರ ಇದೆ. ಕೈ ಚಾಚಿ ನೀರಿನ ಕಡೆ ತೋರಿಸ್ತಾ ಇದ್ದಾರೆ, ಅಲ್ಲಲ್ಲಿ ಒಣಗಿದ ಮರದ ತುದಿ. ಗೊತ್ತಿಲ್ಲದವರು ನೋಡಿದರೆ ಅಜ್ಜಿ ಹಕ್ಕಿ ತೋರಿಸ್ತಿದ್ದಾರೆ ಅಂದ್ಕೋತಾರೆ. ಅಲ್ಲ, ಮನೆ ತೋರಿಸ್ತಿದ್ದಾರೆ.

ಹತ್ತಾ ಅಣೆಕಟ್ಟಿಗೆ ರಜೆ ದಿನ ಹೋದವರು ಕಳಿಸೋ ಫೋಟೋ ನೋಡಿದಾಗಲೂ ನನಗೆ ಇದೇ ನೆನಪಾಗುತ್ತೆ. ಗುಡ್ಡದ ನಡುವೆ ಹಸಿರು ನೀರು, ಒಂದು ಮರ ಮಾತ್ರ ಇಲ್ಲ. ಅಲ್ಲೂ 250 ಮೆಗಾವಾಟಿನ ಕೆಲಸ ಕೈಗೆತ್ತಿಕೊಂಡಿದ್ದಾರೆ. ಸೋಲಾರ್ ಕರೆಂಟಿನಿಂದ ನೀರನ್ನು ಗುಡ್ಡದ ಮೇಲಕ್ಕೆ ಏರಿಸಿ, ಬೇಕಾದಾಗ ಕೆಳಗೆ ಬಿಟ್ಟು ಯಂತ್ರ ತಿರುಗಿಸೋದು. ನಮ್ಮ ಕಸುಬಿನವರು ಒಮ್ಮೆ ನೋಡಿ ಬರಬೇಕಾದ ಜಾಗ.

2025ರಲ್ಲಿ ಸಿಗಂದೂರಿಗೆ ಸೇತುವೆ ಆಯಿತು. ತಮ್ಮ ಕಾರಿನಿಂದಲೇ ವಿಡಿಯೋ ಕಳಿಸಿದ, ಐದು ನಿಮಿಷದೊಳಗೆ ಆಚೆ ದಡ. ಲಾಂಚಿಗೆ ಕಾಯುತ್ತಾ ಕಡಲೆಕಾಯಿ ತಿಂದ ಟ್ರಿಪ್ಪು ಇನ್ನು ನಮ್ಮ ಮಕ್ಕಳ ಫೋಟೋದಲ್ಲಿ ಇರೋದಿಲ್ಲ. ಅಜ್ಜಿ ಈ ಸೇತುವೆ ನೋಡಲಿಲ್ಲ. ಮಳೆ ಕಡಿಮೆಯಾಗಿ ನೀರು ತೀರಾ ಇಳಿದ ಬೇಸಿಗೆಯಲ್ಲಿ ಹಿರೇಭಾಸ್ಕರದ ಹಳೇ ಕಟ್ಟೆ ಮೇಲಕ್ಕೆ ಕಾಣುತ್ತೆ. ಅಜ್ಜಿ ಕೈ ತೋರಿಸಿದ ದಿಕ್ಕು ಅಮ್ಮನಿಗೆ ಇನ್ನೂ ನೆನಪಿದೆ. ಈ ಸಲ ರಜೆ ಮೇ ತಿಂಗಳಿಗೆ ಕೇಳಿದ್ದೀನಿ.