ಕಾಮಿಕ್ಸ್ ಪ್ರೇಯಸಿಯರ ತೊಂಬತ್ತು ವರ್ಷ

ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದ ಕನ್ನಡಿಗರಿಗೆ ಫ್ಯಾಂಟಮ್‌ನ ಡಯಾನಾ ಪಾಮರ್ ಗೊತ್ತು. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಈ ಹುಡುಗಿಯ ಮದುವೆಯಾದದ್ದು 1977ರಲ್ಲಿ. ದಿನಪತ್ರಿಕೆಯ ಚಿತ್ರಪಟ್ಟಿಯಲ್ಲಿ ಕಥೆ ಮುಗಿಯಬಾರದು, ಹಾಗಾಗಿ ಪ್ರೇಮವೂ ಮುಗಿಯಬಾರದು. ಅಪಹರಣ, ಬಿಡುಗಡೆ, ಅಗಲಿಕೆ ಇವೇ ಸುತ್ತು ಹೊಡೆಯುತ್ತಿದ್ದವು. ಆದರೂ ಡಯಾನಾ ಮನಸ್ಸಿನಲ್ಲಿ ನಿಂತಳು. ಅವಳಿಗೆ ವಿಶ್ವಸಂಸ್ಥೆಯಲ್ಲಿ ಕೆಲಸವಿತ್ತು, ಕಾಡಿನಾಚೆ ಒಂದು ಬದುಕಿತ್ತು. ಪ್ರೇಮಪಾತ್ರವನ್ನು ಉಳಿಸುವುದು ಮುಖದ ಚೆಲುವಲ್ಲ, ಹೀಗೆ ನಾಯಕನಿಲ್ಲದ ಕಡೆಯೂ ಅದು ಏನು ಮಾಡುತ್ತಿರುತ್ತದೆ ಎಂಬುದು. ಕಾಮಿಕ್ಸ್ ಈ ಮಾತನ್ನು ಕಲಿತದ್ದು ಬಹಳ ನಿಧಾನವಾಗಿ, ನಡುನಡುವೆ ಮರೆಯುತ್ತ.

1938ರಲ್ಲಿ ಜೆರ್ರಿ ಸೀಗಲ್, ಜೋ ಶುಸ್ಟರ್ ಜೋಡಿ ಸೂಪರ್‌ಮ್ಯಾನ್ ಜೊತೆಗೇ ಲೋಯಿಸ್ ಲೇನ್‌ಳನ್ನೂ ತಂದಿತು. ಸಿನಿಮಾದ ಚುರುಕು ಮಾತಿನ ವರದಿಗಾರ್ತಿ ಟಾರ್ಚಿ ಬ್ಲೇನ್‌ಳಿಂದ ಅವಳ ಸ್ವಭಾವ ಬಂತು. ರೂಪಕ್ಕೆ ಮಾದರಿಯಾಗಿ ನಿಂತ ಜೋಆನ್ ಕಾರ್ಟರ್ ಮುಂದೆ ಸೀಗಲ್‌ನನ್ನೇ ಮದುವೆಯಾದಳು. ಲೋಯಿಸ್‌ಗೆ ಬೇಕಾದದ್ದು ಸುದ್ದಿ. ಅದರ ಹಿಂದೆ ಬಿದ್ದು ಅಪಾಯಕ್ಕೆ ಸಿಲುಕುತ್ತಿದ್ದಳು, ಆಗ ಸೂಪರ್‌ಮ್ಯಾನ್ ಬರುತ್ತಿದ್ದ. ಅಂದರೆ ಕಥೆಗೆ ಚಾಲನೆ ಕೊಡುತ್ತಿದ್ದವಳು ಅವಳೇ.

1947ರಲ್ಲಿ ಜೋ ಸೈಮನ್, ಜ್ಯಾಕ್ ಕಿರ್ಬಿ ‘ಯಂಗ್ ರೊಮಾನ್ಸ್’ ತಂದಾಗ ಹೆಣ್ಣಿನ ದನಿಯಲ್ಲೇ ಪ್ರೇಮಕಥೆ ಹೇಳುವ ದಾರಿ ತೆರೆಯಿತು. 1954ರ ಕಾಮಿಕ್ಸ್ ಕೋಡ್ ಅದನ್ನು ಇಕ್ಕಟ್ಟಾಗಿಸಿತು: ಪ್ರೇಮಕಥೆಗಳು ಮನೆಯ ಮೌಲ್ಯವನ್ನೂ ಮದುವೆಯ ಪಾವಿತ್ರ್ಯವನ್ನೂ ಎತ್ತಿಹಿಡಿಯಬೇಕಿತ್ತು. 1958ರಲ್ಲಿ ಲೋಯಿಸ್‌ಳ ಹೆಸರಿನಲ್ಲೇ ಪತ್ರಿಕೆ ಶುರುವಾಯಿತು, ಆದರೆ ಅದರ ಹಲವು ಕಥೆಗಳಲ್ಲಿ ಸೂಪರ್‌ಮ್ಯಾನ್‌ನನ್ನು ಮದುವೆಗೆ ಒಪ್ಪಿಸುವ ಹಂಚಿಕೆಗಳು. ಇಪ್ಪತ್ತು ವರ್ಷಗಳಲ್ಲಿ ಒಂದು ಗಟ್ಟಿ ಪಾತ್ರ ಇಷ್ಟು ತೆಳುವಾದದ್ದು ನೋವಿನ ಸಂಗತಿ.

ಮೇರಿ ಜೇನ್ ವಾಟ್ಸನ್‌ಳ ರಚನೆಯನ್ನು ಮಾತ್ರ ನಿಧಾನವಾಗಿ ನೋಡಬೇಕು. ಸ್ಪೈಡರ್‌ಮ್ಯಾನ್ ಕಥೆಗಳಲ್ಲಿ ಅವಳ ಹೆಸರು ಮೊದಲು ಬಂತು, ಆಮೇಲೆ ಮುಖ ಮರೆಯಾದ ಚಿತ್ರ ಬಂತು, ಮುಖ ಕಂಡದ್ದು 1966ರ 42ನೇ ಸಂಚಿಕೆಯ ಕೊನೆಯಲ್ಲಿ. ಆ ಚಿತ್ರ ಬರೆದ ಜಾನ್ ರೊಮಿಟಾ ವರ್ಷಗಟ್ಟಲೆ ಪ್ರೇಮ ಕಾಮಿಕ್ಸ್‌ಗಳಲ್ಲಿ ಕೈ ಪಳಗಿಸಿಕೊಂಡಿದ್ದವರು. ಕೆಂಗೂದಲು, ಬಾಗಿಲಲ್ಲಿ ನಿಂತ ಭಂಗಿ: ಅವಳೆಂಥವಳು ಎಂಬುದು ಒಂದೇ ಚೌಕದಲ್ಲಿ ತಿಳಿಯುತ್ತದೆ. ಆದರೆ ರಚನೆಯ ನಿಜವಾದ ಪರೀಕ್ಷೆ ನಡೆದದ್ದು 1973ರಲ್ಲಿ. 121ನೇ ಸಂಚಿಕೆಯಲ್ಲಿ ನಾಯಕ ಪೀಟರ್‌ನ ಪ್ರೇಯಸಿ ಗ್ವೆನ್ ಸ್ಟೇಸಿ ಸಾಯುತ್ತಾಳೆ. ಮುಂದಿನ ಸಂಚಿಕೆಯ ಕೊನೆಗೆ, ದುಃಖದಲ್ಲಿ ಪೀಟರ್ ಮೇರಿ ಜೇನ್‌ಳನ್ನು ಗದರಿಸಿ ಹೊರಡು ಎನ್ನುತ್ತಾನೆ. ಬಾಗಿಲವರೆಗೆ ಹೋದವಳು ಒಳಗೇ ಉಳಿದು ಅದನ್ನು ಮುಚ್ಚುತ್ತಾಳೆ. ಕುಣಿತ, ಪಾರ್ಟಿ ಎಂದಿದ್ದ ಹುಡುಗಿಯ ಆಳ ಅಲ್ಲಿ ಕಾಣುತ್ತದೆ. ಏಳು ವರ್ಷ ಅವಳನ್ನು ಹಗುರಾಗಿ ತೋರಿಸಿದ್ದರಿಂದಲೇ ಆ ಒಂದು ನಡೆಗೆ ಅಷ್ಟು ತೂಕ.

ಗ್ವೆನ್‌ಳ ಸಾವಿನಿಂದ ಬೇರೆಯವರು ಕಲಿತದ್ದು ಅಡ್ಡದಾರಿ. ನಾಯಕನಿಗೆ ಸಿಟ್ಟು ಬರಿಸಲು ಪ್ರೇಯಸಿಯನ್ನು ಕೊಲ್ಲುವುದು ಸುಲಭದ ಉಪಾಯವಾಯಿತು. 1994ರ ‘ಗ್ರೀನ್ ಲ್ಯಾಂಟರ್ನ್’ ಸಂಚಿಕೆಯೊಂದರಲ್ಲಿ ನಾಯಕನಿಗೆ ತನ್ನ ಗೆಳತಿಯ ಶವ ಫ್ರಿಜ್‌ನಲ್ಲಿ ಸಿಗುತ್ತದೆ. 1999ರಲ್ಲಿ, ಮುಂದೆ ಕಾಮಿಕ್ಸ್ ಬರಹಗಾರ್ತಿಯಾದ ಗೇಲ್ ಸಿಮೋನ್ ಇಂಥ ಪಾತ್ರಗಳ ಉದ್ದದ ಪಟ್ಟಿಯನ್ನೇ ಮುಂದಿಟ್ಟರು. ಆಮೇಲೆ ಈ ಚಟವನ್ನು ಕಾಣದಂತೆ ಇರುವುದು ಬರಹಗಾರರಿಗೆ ಕಷ್ಟವಾಯಿತು.

ಜಪಾನ್ ಇಷ್ಟು ತಡಮಾಡಲಿಲ್ಲ. ರಿಯೋಕೊ ಇಕೆದಾ 1972ರಲ್ಲಿ ಆರಂಭಿಸಿದ ‘ದಿ ರೋಸ್ ಆಫ್ ವರ್ಸೇಲ್ಸ್’ನಲ್ಲಿ ಸೈನ್ಯಾಧಿಕಾರಿ ಆಸ್ಕರ್ ಹೆಣ್ಣು, ಅವಳನ್ನು ಪ್ರೀತಿಸುವ ಆಂದ್ರೆ ಸೇವಕ. ಹುಟ್ಟಿನ ಅಂತಸ್ತೇ ಅವರ ನಡುವಿನ ಗೋಡೆ. 1978ರಲ್ಲಿ ರುಮಿಕೊ ತಕಾಹಾಶಿ ‘ಉರುಸೇಯ್ ಯಾತ್ಸುರಾ’ದ ಮೊದಲ ಕಂತಿಗಷ್ಟೇ ಎಂದುಕೊಂಡಿದ್ದ ಲಮ್ ಇಡೀ ಕಥೆಯ ಜೀವವಾದಳು. ಕೊಂಬು, ಹುಲಿಪಟ್ಟೆಯ ಉಡುಗೆ, ಸಿಟ್ಟು ಬಂದರೆ ಮೈಯಿಂದ ಹೊಮ್ಮುವ ವಿದ್ಯುತ್: ಅವಳ ಮನಸ್ಸನ್ನು ಹೇಳಲು ಮಾತೇ ಬೇಡ.

ಕೆನಡಾದ ಬ್ರಯನ್ ಲೀ ಒಮ್ಯಾಲಿ 2004ರಲ್ಲಿ ಶುರುಮಾಡಿದ ‘ಸ್ಕಾಟ್ ಪಿಲ್‌ಗ್ರಿಮ್’ನ ರಮೋನಾ ಆಗಾಗ ಕೂದಲು ಬದಲಿಸುತ್ತಾಳೆ. ತನ್ನ ಹಿಂದಿನ ಬದುಕಿನಿಂದ ಓಡುತ್ತಿರುವವಳಿಗೆ ತಕ್ಕ ರೂಪವದು. ಆಲಿಸ್ ಓಸ್‌ಮನ್‌ರ ‘ಹಾರ್ಟ್‌ಸ್ಟಾಪರ್’ 2016ರಲ್ಲಿ ವೆಬ್‌ಕಾಮಿಕ್ ಆಗಿ ಬಂತು. ಅಲ್ಲಿ ನಾಯಕ ಚಾರ್ಲಿ ಮೆಚ್ಚಿದ ಹುಡುಗ ನಿಕ್. ಅವನು ಒಬ್ಬನೇ ಕೋಣೆಯಲ್ಲಿ ಕುಳಿತು, ತಾನು ಯಾರೆಂದು ತಿಳಿಯಲು ಕಂಪ್ಯೂಟರ್‌ನಲ್ಲಿ ಹುಡುಕುವ ಪುಟಗಳಿವೆ. ಚಾರ್ಲಿಗೆ ಅದರ ಸುಳಿವೇ ಇರುವುದಿಲ್ಲ.