ಬೀದಿಯಲ್ಲಿ ಅಲೆಯುವ ಮಾನಸಿಕ ಅಸ್ವಸ್ಥರು ಯಾರ ಹೊಣೆ? ಠಾಣೆ-ಆಸ್ಪತ್ರೆ ನಡುವೆ ಕಳೆದುಹೋದ ಕಾನೂನು

ಒಂದು ಮಳೆಗಾಲದ ರಾತ್ರಿ, ತಾಲ್ಲೂಕು ಕೇಂದ್ರವೊಂದರ ಬಸ್ ನಿಲ್ದಾಣದಲ್ಲಿ ಕೊನೆಯ ಬಸ್ಸಿಗೆ ಕಾಯುತ್ತಿದ್ದೆ. ನಲವತ್ತರ ಆಸುಪಾಸಿನ ವ್ಯಕ್ತಿಯೊಬ್ಬರು ಬರಿಗಾಲಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. ಕಾಲಲ್ಲಿ ಕೊಳೆತ ಗಾಯ. ಯಾವ ಭಾಷೆ ಮಾತಾಡುತ್ತಿದ್ದಾರೆಂದು ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ. ಬಸ್ಸು ಹಿಂದಕ್ಕೆ ಬರುವಾಗ ಎರಡು ಸಲ ಅದರಡಿಗೆ ಸಿಕ್ಕುವುದು ತಪ್ಪಿತು. 112ಕ್ಕೆ ಕರೆ ಮಾಡಿದೆ. ಇಬ್ಬರು ಪೊಲೀಸರು ಬಂದರು.

"ಬಂದಿದ್ದೀವಿ ಸಾರ್, ಆದ್ರೆ ಎಲ್ಲಿಗೆ ಕರ್ಕೊಂಡ್ ಹೋಗ್ಲಿ ಹೇಳಿ? ಸ್ಟೇಷನ್‌ನಲ್ಲಿ ಇಟ್ಕೊಳ್ಳೋ ಹಾಗಿಲ್ಲ, ಆಸ್ಪತ್ರೆಯವ್ರು ಸೇರಿಸ್ಕೊಳ್ಳಲ್ಲ" ಅಂದರು ಹಿರಿಯ ಕಾನ್ಸ್‌ಟೇಬಲ್. ಆದರೂ ಕರೆದುಕೊಂಡು ಹೋದರು, ನಾನೂ ಜೊತೆಗೆ ಹೋದೆ. ಆಸ್ಪತ್ರೆಯಲ್ಲಿ ಕೇಳಿದ್ದು ಎರಡೇ ಪ್ರಶ್ನೆ: "ಕೋರ್ಟ್ ಆರ್ಡರ್ ಇದೆಯಾ? ಸಹಿ ಹಾಕೋಕೆ ಮನೆಯವರು ಯಾರಿದ್ದಾರೆ?" ಎರಡೂ ಇರಲಿಲ್ಲ. ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿ ಕಳಿಸಿದರು. ಮಧ್ಯರಾತ್ರಿ ದಾಟಿದ ಮೇಲೆ ಅವರು ಮತ್ತೆ ಅದೇ ಬಸ್ ನಿಲ್ದಾಣದಲ್ಲಿದ್ದರು.

ಮನೆಗೆ ಬಂದು ಕಾನೂನು ಓದಿದೆ. ಆ ಎರಡೂ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿತ್ತು.

ಕಾನೂನು ಹೇಳುವುದೇನು?

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ-2017 ಜಾರಿಗೆ ಬಂದದ್ದು 2018ರ ಮೇ 29ರಂದು. ಅದರ ಸೆಕ್ಷನ್ 100 ಪೊಲೀಸರ ಕರ್ತವ್ಯದ ಬಗ್ಗೆ ಇದೆ. ತನ್ನ ವ್ಯಾಪ್ತಿಯಲ್ಲಿ ಅಲೆಯುತ್ತಿರುವ ವ್ಯಕ್ತಿಗೆ ಮಾನಸಿಕ ಕಾಯಿಲೆ ಇದೆ, ತನ್ನನ್ನು ತಾನು ನೋಡಿಕೊಳ್ಳುವ ಸ್ಥಿತಿಯಲ್ಲಿಲ್ಲ ಎಂದು ನಂಬಲು ಕಾರಣವಿದ್ದರೆ, ಅವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. ಕಾಯಿಲೆಯಿಂದಾಗಿ ತನಗೋ ಇತರರಿಗೋ ಅಪಾಯ ತಂದುಕೊಳ್ಳಬಹುದಾದವರಿಗೂ ಇದು ಅನ್ವಯಿಸುತ್ತದೆ. ಇದು ಬಂಧನ ಅಲ್ಲ, ರಕ್ಷಣೆ. ಬೀದಿಯಲ್ಲಿ ಮಲಗುವ ಬಡವರನ್ನೆಲ್ಲ ಎತ್ತಿಕೊಂಡು ಹೋಗಲು ಇದು ಪರವಾನಗಿಯೂ ಅಲ್ಲ.

ಆಮೇಲಿನ ಹೆಜ್ಜೆಗಳೂ ಸ್ಪಷ್ಟವಾಗಿವೆ:

- ಯಾಕೆ ಕರೆದೊಯ್ಯುತ್ತಿದ್ದೇವೆ ಎಂದು ಆ ವ್ಯಕ್ತಿಗೆ ತಿಳಿಸಬೇಕು.
- ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಸಾರ್ವಜನಿಕ ಆರೋಗ್ಯ ಸಂಸ್ಥೆಗೆ ಕರೆದೊಯ್ಯಬೇಕು.
- ಯಾವ ಕಾರಣಕ್ಕೂ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ.
- ತಪಾಸಣೆಗೆ ವ್ಯವಸ್ಥೆ ಮಾಡುವ ಹೊಣೆ ಆ ಸಂಸ್ಥೆಯ ವೈದ್ಯಾಧಿಕಾರಿಯದು.
- ದಾಖಲು ಮಾಡುವಷ್ಟು ಕಾಯಿಲೆ ಇಲ್ಲ ಎಂದಾದರೆ ಪೊಲೀಸರೇ ಅವರನ್ನು ಮನೆಗೆ, ಮನೆ ಇಲ್ಲದಿದ್ದರೆ ನಿರ್ವಸಿತರ ಸರ್ಕಾರಿ ಕೇಂದ್ರಕ್ಕೆ ತಲುಪಿಸಬೇಕು.
- ಮನೆ ಇಲ್ಲದೆ ಅಲೆಯುತ್ತಿದ್ದ ರೋಗಿಯ ವಿಚಾರದಲ್ಲಿ ಠಾಣೆಯಲ್ಲಿ ಕಾಣೆಯಾದ ವ್ಯಕ್ತಿಯ ಎಫ್‌ಐಆರ್ ದಾಖಲಿಸಿ, ಕುಟುಂಬವನ್ನು ಪತ್ತೆ ಹಚ್ಚಬೇಕು.

ಕೊನೆಯ ಅಂಶ ಬಹಳ ಮುಖ್ಯ. ನಾವು 'ಹುಚ್ಚ' ಎಂದು ದಾಟಿ ಹೋಗುವವರನ್ನು ಯಾವುದೋ ಊರಿನಲ್ಲಿ ಯಾರೋ ಹುಡುಕುತ್ತಿರಬಹುದು. ಎಫ್‌ಐಆರ್ ಆದರೆ ಆ ಎರಡು ತುದಿಗಳನ್ನು ಕೂಡಿಸುವ ಒಂದು ದಾರಿಯಾದರೂ ಇರುತ್ತದೆ.

ಕೋರ್ಟ್ ಆರ್ಡರ್ ಯಾಕೆ ಕೇಳುತ್ತಾರೆ?

ಇದು ಹಳೆಯ ಅಭ್ಯಾಸ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಪೊಲೀಸರು ಇಂಥವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಿತ್ತು. ಆಸ್ಪತ್ರೆಗೆ ಕಳಿಸುವ ಆದೇಶ ಅಲ್ಲಿಂದ ಬರಬೇಕಿತ್ತು. ಹೊಸ ಕಾಯ್ದೆ ಆ ದಾರಿಯನ್ನು ಬದಲಿಸಿತು. ಬೀದಿಯಲ್ಲಿ ಸಿಕ್ಕವರು ಮೊದಲು ಹೋಗಬೇಕಾದದ್ದು ಕೋರ್ಟಿಗಲ್ಲ, ಆಸ್ಪತ್ರೆಗೆ. ಕಾಯಿಲೆ ಅಪರಾಧವಲ್ಲ ಎಂಬುದೇ ಇದರ ಹಿಂದಿನ ತಿಳಿವಳಿಕೆ.

ಮ್ಯಾಜಿಸ್ಟ್ರೇಟರ ಪಾತ್ರ ಈಗ ಮುಖ್ಯವಾಗಿ ಬೇರೆ ಸಂದರ್ಭದ್ದು. ಮನೆಯೊಳಗೆ ರೋಗಿಯನ್ನು ಹಿಂಸಿಸುತ್ತಿದ್ದರೆ, ನಿರ್ಲಕ್ಷಿಸುತ್ತಿದ್ದರೆ ಠಾಣಾಧಿಕಾರಿ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು (ಸೆಕ್ಷನ್ 101). ಅವರು ತಪಾಸಣೆಗೆ ಕಳಿಸಬಹುದು, ಅಥವಾ ಹತ್ತು ದಿನ ಮೀರದಂತೆ ಆಸ್ಪತ್ರೆಯಲ್ಲಿಡಲು ಆದೇಶಿಸಬಹುದು (ಸೆಕ್ಷನ್ 102).

ಇನ್ನು ಸಹಿಯ ಪ್ರಶ್ನೆ. ರೋಗಿಯ ಪರವಾಗಿ ನಿಲ್ಲುವ 'ನಾಮನಿರ್ದೇಶಿತ ಪ್ರತಿನಿಧಿ' ಯಾರೂ ಇಲ್ಲದಿದ್ದರೆ, ಸಮಾಜ ಕಲ್ಯಾಣ ಇಲಾಖೆಯ ನಿರ್ದೇಶಕರನ್ನು ಅಥವಾ ಅವರು ಸೂಚಿಸಿದವರನ್ನು ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿ ನೇಮಿಸಬೇಕು ಎನ್ನುತ್ತದೆ ಸೆಕ್ಷನ್ 14. ಅಲ್ಲಿಯತನಕ ಮಾನಸಿಕ ರೋಗಿಗಳಿಗಾಗಿ ಕೆಲಸ ಮಾಡುವ ಸಂಘಟನೆಯವರೊಬ್ಬರು ತಾತ್ಕಾಲಿಕವಾಗಿ ಆ ಜವಾಬ್ದಾರಿ ಹೊರಬಹುದು. ಜೀವಕ್ಕೆ ಅಪಾಯವಿರುವ ತುರ್ತು ಸ್ಥಿತಿಯಲ್ಲಿ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಯವರೆಗೆ ಚಿಕಿತ್ಸೆ ಕೊಡಬಹುದು (ಸೆಕ್ಷನ್ 94). ಪ್ರತಿನಿಧಿಯ ಒಪ್ಪಿಗೆ ಬೇಕಾಗುವುದು ಪ್ರತಿನಿಧಿ ಲಭ್ಯವಿದ್ದರೆ ಮಾತ್ರ. ಅಂದರೆ 'ಮನೆಯವರು ಯಾರೂ ಇಲ್ಲ' ಎಂಬುದು ಬಾಗಿಲು ಮುಚ್ಚಲು ಕಾರಣ ಆಗಬಾರದು.

ಕೊಂಡಿ ಕಳಚುವುದು ಎಲ್ಲಿ?

ಈ ಒಂದು ಕೆಲಸಕ್ಕೆ ಪೊಲೀಸ್, ಆರೋಗ್ಯ, ಸಮಾಜ ಕಲ್ಯಾಣ, ನಗರಸಭೆ, ಕಾನೂನು ಸೇವಾ ಪ್ರಾಧಿಕಾರ, ಇಷ್ಟೂ ಕೈ ಜೋಡಿಸಬೇಕು. ಪ್ರತಿ ಇಲಾಖೆಗೂ ತನ್ನ ಪಾಲು ಮುಗಿಯುವುದು ಎಲ್ಲಿ ಎಂಬುದು ಗೊತ್ತು. ಪಕ್ಕದವರ ಪಾಲು ಶುರುವಾಗುವುದು ಎಲ್ಲಿ ಎಂಬುದು ಗೊತ್ತಿರುವುದಿಲ್ಲ. ಆ ರಾತ್ರಿ ಕಾನ್ಸ್‌ಟೇಬಲ್ ಕೆಟ್ಟವರೇನೂ ಆಗಿರಲಿಲ್ಲ. ತಮ್ಮ ಟಿಫಿನ್ ಡಬ್ಬಿಯ ಚಪಾತಿಯನ್ನು ಆ ವ್ಯಕ್ತಿಗೆ ಕೊಟ್ಟರು. ಕರ್ತವ್ಯದಲ್ಲಿದ್ದ ವೈದ್ಯೆ ವಾರ್ಡಿನಲ್ಲಿ ಒಬ್ಬರೇ ಇದ್ದರು. ಅವರಿಬ್ಬರ ನಡುವೆ ಇರಬೇಕಾದ ಲಿಖಿತ ಒಪ್ಪಂದವೊಂದು ಇರಲಿಲ್ಲ, ಅಷ್ಟೆ.

ಹೀಗಾಗಬೇಕಿಲ್ಲ ಎನ್ನಲು ಉದಾಹರಣೆಗಳಿವೆ. ಅಮೆರಿಕದ ಮೆಂಫಿಸ್ ನಗರದಲ್ಲಿ ಮಾನಸಿಕ ಅಸ್ವಸ್ಥರೊಬ್ಬರು ಪೊಲೀಸರ ಗುಂಡಿಗೆ ಬಲಿಯಾದ ಮೇಲೆ, 1988ರಲ್ಲಿ ಪೊಲೀಸರು, ವೈದ್ಯರು, ರೋಗಿಗಳ ಕುಟುಂಬದವರು ಸೇರಿ ತರಬೇತಿ ಪಡೆದ ವಿಶೇಷ ತಂಡ ಕಟ್ಟಿದರು. ನಮ್ಮಲ್ಲೂ ಅನುಭವಕ್ಕೆ ಕೊರತೆಯಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಪೊಲೀಸರಿಗೆ ಕಾಲಕಾಲಕ್ಕೆ ಅರಿವಿನ ತರಬೇತಿ ಕೊಡುವುದು ಸರ್ಕಾರದ ಹೊಣೆ ಎಂದು ಸೆಕ್ಷನ್ 30 ಹೇಳುತ್ತದೆ.

ನನ್ನ ಪ್ರಕಾರ ಮೊದಲು ಬೇಕಾದದ್ದು ಒಂದೇ ಪುಟದ ಕಾಗದ. ಪ್ರತಿ ಜಿಲ್ಲೆಯಲ್ಲಿ, ರಾತ್ರಿ ಹೊತ್ತು ಯಾವ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಯಾರು ಬರಮಾಡಿಕೊಳ್ಳುತ್ತಾರೆ, ಪ್ರತಿನಿಧಿಗಾಗಿ ಯಾರಿಗೆ ಫೋನ್ ಮಾಡಬೇಕು, ಯಾವ ಆಶ್ರಯ ಕೇಂದ್ರದಲ್ಲಿ ಜಾಗವಿದೆ ಎಂಬುದನ್ನು ಬರೆದು, ಜಿಲ್ಲಾಧಿಕಾರಿ, ಎಸ್‌ಪಿ, ಜಿಲ್ಲಾ ಶಸ್ತ್ರಚಿಕಿತ್ಸಕರು ಸಹಿ ಮಾಡಿ, ಎಲ್ಲ ಠಾಣೆ ಮತ್ತು ತುರ್ತು ವಾರ್ಡುಗಳ ಗೋಡೆಗೆ ಅಂಟಿಸಬೇಕು.

ನೀವೇನು ಮಾಡಬಹುದು?

ಇಂಥವರನ್ನು ಕಂಡರೆ 112ಕ್ಕೆ ಕರೆ ಮಾಡಿ. ಬಂದ ಪೊಲೀಸರಿಗೆ ಸೆಕ್ಷನ್ 100ರ ಬಗ್ಗೆ ವಿನಯದಿಂದಲೇ ನೆನಪಿಸಿ. ಆಸ್ಪತ್ರೆಯವರು ಕೋರ್ಟ್ ಆದೇಶ ಕೇಳಿದರೆ, ಅದು ಬೇಕಿಲ್ಲ ಎನ್ನಿ. ತಪಾಸಣೆ ಮಾಡದೆ ಕಳಿಸುವುದಾದರೆ ಅದನ್ನು ಬರೆದುಕೊಡಲು ಕೇಳಿ. ಎಫ್‌ಐಆರ್ ಆಯಿತೇ ಎಂದು ಮರುದಿನ ವಿಚಾರಿಸಿ. ಸಲಹೆಗೆ ಟೆಲಿ ಮಾನಸ್ 14416, ಉಚಿತ ಕಾನೂನು ನೆರವಿಗೆ 15100 ಇದೆ.

ಆ ರಾತ್ರಿ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಮೂರು ದಿನ ಬಿಟ್ಟು ಮತ್ತೆ ಆ ಬಸ್ ನಿಲ್ದಾಣಕ್ಕೆ ಹೋದೆ. ಟೀ ಅಂಗಡಿಯಾಕೆ, "ಯಾವ್ದೋ ಬಸ್ ಹತ್ತಿಸಿ ಕಳಿಸ್ಬಿಟ್ರಂತೆ ಅಣ್ಣ" ಅಂದರು. ಯಾವ ಊರಿನ ಬಸ್ಸು ಎಂದು ಕೇಳಿದೆ. ಅದು ಯಾರಿಗೂ ಗೊತ್ತಿರಲಿಲ್ಲ.